ಅತ್ತೆಯವರ ವಸಡು ಮತ್ತು ನನ್ನ ಕಸ್ಟರ್ಡ್

ಚಿಂತೆ ಮಾಡುವುದಕ್ಕೂ ಒಂದು ಯೋಗ್ಯತೆ ಬೇಕೆಂದು ನಾನು ನಂಬಿದ್ದೇನೆ. ಐವತ್ತೆರಡು ವರ್ಷಗಳ ಬಿಡುವಿಲ್ಲದ ಅಭ್ಯಾಸದಿಂದ ಆ ಯೋಗ್ಯತೆಯನ್ನು ಗಳಿಸಿಕೊಂಡೂ ಇದ್ದೇನೆ. ಬಸ್ಸು ಹತ್ತಿದ ಕೂಡಲೇ ಮನೆಯ ಗ್ಯಾಸ್ ಬಂದ್ ಮಾಡಿದೆನೋ ಇಲ್ಲವೋ ಎಂಬ ಚಿಂತೆ. ಬಂದ್ ಮಾಡಿದ್ದು ನೆನಪಾದರೆ, ಆ ನೆನಪು ಇವತ್ತಿನದೋ ನಿನ್ನೆಯದೋ ಎಂಬ ಚಿಂತೆ. ಹಾವೇರಿಯ ನಮ್ಮ ಕಚೇರಿಯಲ್ಲಿ ಸಾಹೇಬರು ನಕ್ಕರೆ ಚಿಂತೆ, ನಗದಿದ್ದರೂ ಚಿಂತೆ. ಇಂಥವನಿಗೆ ದೇವರು ಬ್ಯಾಡಗಿಯ ಹೆಣ್ಣನ್ನು ತಂದು ಗಂಟು ಹಾಕಿದ. ಅವಳ ತವರಿನಲ್ಲಿ ಚಿಂತೆ ಮಾಡುವವರೇ ಇಲ್ಲ. ಮೆಣಸಿನಕಾಯಿ ವ್ಯಾಪಾರದ ಮನೆ. ಅವರಿಗೆ ಸೀನುವುದಕ್ಕೇ ಪುರುಸೊತ್ತು ಸಾಲದು.

ಆ ಮನೆಯ ಯಜಮಾನಿ, ಅಂದರೆ ನಮ್ಮ ಅತ್ತೆಯವರು, ಕೆಳಸಾಲಿನಲ್ಲಿ ಉಳಿದಿದ್ದ ನಾಲ್ಕು ಹಲ್ಲುಗಳನ್ನು ಕೀಳಿಸಿಕೊಳ್ಳಲು ನಮ್ಮ ಮನೆಗೆ ಬಂದರು. ಹಲ್ಲು ಕಿತ್ತಾಗ ಅವರು ಹೂಂ ಎನ್ನಲಿಲ್ಲ, ಉಹೂಂ ಎನ್ನಲಿಲ್ಲ. ಹೊರಗೆ ಬೆಂಚಿನ ಮೇಲೆ ಕುಳಿತು ಬೆವರಿದವನು ನಾನು. ಆದರೆ ಡಾಕ್ಟರು, "ಒಂದು ವಾರ ಮೆತ್ತಗಿನದು, ತಣ್ಣಗಿನದು. ಖಾರ ಮಾತ್ರ ಮುಟ್ಟಬಾರದು" ಎಂದಾಗ ಅತ್ತೆಯವರ ಮುಖ ನೋಡಬೇಕಿತ್ತು. ಊರಿನಿಂದ ಗಡಿಪಾರು ಮಾಡಿದರೂ ಯಾರ ಮುಖವೂ ಅಷ್ಟು ಸಣ್ಣದಾಗಲಿಕ್ಕಿಲ್ಲ.

ಮರುದಿನವೆಲ್ಲ ಅವರು ಎರಡು ಚಮಚ ಗಂಜಿ ಬಿಟ್ಟರೆ ಏನನ್ನೂ ಮುಟ್ಟಲಿಲ್ಲ. "ಗಂಜಿ ಕುಡ್ಯಾಕ ನಾ ಏನ್ ಬಾಣಂತೇನ್ರಿ?" ಎಂದು ಗೋಡೆಯ ಕಡೆ ಮುಖ ಮಾಡಿ ಮಲಗಿದರು. ಅದೇ ಹೊತ್ತಿಗೆ ನನ್ನ ಹೆಂಡತಿ ಗಿರಿಜಾಗೆ ರಾಣೆಬೆನ್ನೂರಿನಲ್ಲಿ ಮೂರು ದಿನ ಶಿಕ್ಷಕರ ತರಬೇತಿ. ಅವಳು ಅಗಡಿಯ ಶಾಲೆಯಲ್ಲಿ ಟೀಚರು. ಬೆಳಿಗ್ಗೆ ಹೋಗಿ ಸಂಜೆ ಬರುವುದು. ಹಗಲು ಹೊತ್ತು ಅತ್ತೆಯವರ ಉಸ್ತುವಾರಿಗೆ ನಾನು ಕಚೇರಿಗೆ ರಜೆ ಹಾಕಿದೆ. ಹೊರಡುವ ಮುನ್ನ ಗಿರಿಜಾ ಚಪ್ಪಲಿ ಮೆಟ್ಟಿಕೊಳ್ಳುತ್ತ ಹೇಳಿದಳು:

"ರೀ, ಇವತ್ತೂ ಉಣ್ಣಲಿಲ್ಲ ಅಂದ್ರ ಅವ್ವ ನಾಳೆ ಬ್ಯಾಡಗಿ ಬಸ್ ಹತ್ತೇನಿ ಅಂತಾಳ. ಹಂಗೇನರ ಹೋದ್ಲು ಅಂದ್ರ ಅಳಿಯ ಉಪವಾಸ ಕೆಡವಿದ ಅಂತ ಊರತುಂಬ ಆಗ್ತೈತಿ. ಆಮ್ಯಾಲೆ ನನ್ನ ಅನಬ್ಯಾಡ್ರಿ."

ಬ್ಯಾಡಗಿಯಲ್ಲಿ ನನಗೆ ಇಪ್ಪತ್ಮೂರು ವರ್ಷಗಳಿಂದ ಒಳ್ಳೆಯ ಹೆಸರಿದೆ. ಯಾವ ಕಾರಣಕ್ಕೆಂದು ನನಗೆ ಗೊತ್ತಿಲ್ಲ. ಆದ್ದರಿಂದಲೇ ಅದು ಯಾವಾಗ ಬೇಕಾದರೂ ಹೋದೀತೆಂಬ ಭಯ. ಅಡುಗೆಮನೆಯ ಕಪಾಟನ್ನು ಜಾಲಾಡಿದೆ. ಶಾವಿಗೆಯ ಹಿಂದೆ ಒಂದು ಕಸ್ಟರ್ಡ್ ಪುಡಿಯ ಪೊಟ್ಟಣ ಸಿಕ್ಕಿತು. ಮೆತ್ತಗಿನದು, ತಣ್ಣಗಿನದು, ಖಾರವಿಲ್ಲದ್ದು: ಡಾಕ್ಟರು ಹೇಳಿದ ಮೂರೂ ಒಂದರಲ್ಲೇ! ಅವಧಿ ಮುಗಿಯುವ ತಾರೀಖನ್ನು ಕನ್ನಡಕ ಹಾಕಿಕೊಂಡು ಒಮ್ಮೆ, ತೆಗೆದು ಒಮ್ಮೆ ನೋಡಿದೆ.

ಹಾಲು ಕಾಯಿಸಿದೆ. ಸಕ್ಕರೆ ಹಾಕಿದೆ. ಪುಡಿಯನ್ನು ನೇರವಾಗಿ ಕುದಿಯುವ ಹಾಲಿಗೇ ಸುರಿದೆ. ಕ್ಷಣದಲ್ಲಿ ಹಳದಿ ಗೋಲಿಗಳು ತೇಲತೊಡಗಿದವು. ಒಂದನ್ನು ಚಮಚದಿಂದ ಒಡೆದು ನೋಡಿದರೆ ಒಳಗೆ ಒಣ ಪುಡಿ ಹಾಗೇ ಕುಳಿತಿತ್ತು. ನಮ್ಮ ಕಚೇರಿಯ ಎಷ್ಟೋ ಕಡತಗಳು ನೆನಪಾದವು. ಅವುಗಳದೂ ಕೆಲಸ ಆಗಿರುವುದು ಮೇಲ್ಮೈಯಲ್ಲಿ ಮಾತ್ರ. ಗೋಲಿಗಳನ್ನು ಒಂದೊಂದಾಗಿ ಅಟ್ಟಿಸಿಕೊಂಡು ಹೋಗುವಷ್ಟರಲ್ಲಿ ತಳ ಹತ್ತಿತು.

"ಅಳಿಯಂದ್ರ, ಏನ್ ನಡಸೀರಿ ಒಳಗ? ಹಾಲು ಸೀದ ವಾಸನಿ ಬರಾಕತ್ತೈತಿ" ಎಂದು ಹೊರಗಿನಿಂದ ದನಿ ಬಂತು.

"ಏನಿಲ್ರಿ ಅತ್ತಿ, ಸ್ವಲ್ಪ..."

"ಸ್ವಲ್ಪ ಅಲ್ರಿ, ಭಾಳ ಬರಾಕತ್ತೈತಿ."

ಚಹಾದ ಬಿಡುವಿನಲ್ಲಿ ಗಿರಿಜಾ ಫೋನ್ ಮಾಡಿದಳು. ಗೋಲಿಗಳ ಕತೆ ಹೇಳಿದೆ. "ತಣ್ಣನ್ ಹಾಲಾಗ ಪುಡಿ ಕಲಸ್ಕೊಂಡು ಆಮ್ಯಾಲೆ ಕುದಿಯೋ ಹಾಲಿಗೆ ಹಾಕ್ಬೇಕ್ರಿ. ಕೈ ಬಿಡದಂಗ ತಿರುವ್ರಿ."

"ಎಷ್ಟೊತ್ತು?"

"ಚಮಚಕ್ಕ ಹತ್ಕೊಳ್ಳೋಮಟ."

"ಯಾವ ಚಮಚ? ಸಣ್ಣದೋ ದೊಡ್ಡದೋ?"

ಫೋನ್ ಕಟ್ಟಾಯಿತು. ಬಹುಶಃ ತರಬೇತಿ ಶುರುವಾಗಿರಬೇಕು.

ಎರಡನೆಯ ಸಲ ಗಂಟಿಲ್ಲದ, ತಳ ಹತ್ತದ ಕಸ್ಟರ್ಡ್ ಆಯಿತು. ಅದನ್ನು ಫ್ರಿಜ್ಜಿನಲ್ಲಿಟ್ಟು, ಐದೈದು ನಿಮಿಷಕ್ಕೆ ಬಾಗಿಲು ತೆರೆದು ತಣ್ಣಗಾಯಿತೇ ಎಂದು ನೋಡುತ್ತ, ಅದು ಬೇಗ ತಣ್ಣಗಾಗದಂತೆ ನೋಡಿಕೊಂಡೆ. ಮಧ್ಯಾಹ್ನ ಬಟ್ಟಲಿನಲ್ಲಿ ಹಾಕಿ ಅತ್ತೆಯವರ ಮುಂದಿಟ್ಟೆ. ಅವರು ಬಟ್ಟಲನ್ನು ಬೆಳಕಿಗೆ ಹಿಡಿದರು. ಮೆಣಸಿನಕಾಯಿಯ ಬಣ್ಣ ನೋಡಿ ದರ ಹೇಳಿದ ಕಣ್ಣುಗಳವು.

"ಗ್ವಾಡಿಗೆ ಬಳಿಯೋ ಬಣ್ಣ ಇದ್ದಂಗ ಐತಲ್ರಿ" ಎಂದರು. ಒಂದು ಚಮಚ ಬಾಯಿಗಿಟ್ಟು ಕಣ್ಣು ಮುಚ್ಚಿದರು. ಆನಂದದಿಂದಲ್ಲ. "ನೀವು ಆ ಕಡೆ ಹೋಗ್ರಿ. ಅಳಿಯಂದ್ರ ಮುಂದ ಬೊಚ್ಚಬಾಯಿಲೆ ತಿನ್ನಾಕ ನನಗ ನಾಚಿಕಿ ಬರ್ತೈತಿ."

ನಾನು ಹೋದೆ. ಕಾಲು ಗಂಟೆ ಬಿಟ್ಟು ಬಂದರೆ ಬಟ್ಟಲು ಖಾಲಿ! ನಾನು ಬಾಯಿ ತೆರೆಯುವ ಮೊದಲೇ, "ಆ ಹಳದೀದು ಇನ್ನೊಂದ್ ಬಟ್ಲ ಐತೇನು?" ಎಂದರು.

ಆ ಕ್ಷಣದ ಹೆಮ್ಮೆಯನ್ನು ಏನೆಂದು ಹೇಳಲಿ? ಸಂಜೆ ಗಿರಿಜಾಗೆ ಮೂರು ಸಲ ಹೇಳಿದೆ. ಪಕ್ಕದ ಮನೆಯವರಿಗೆ ಕಾಂಪೌಂಡಿನ ಮೇಲಿಂದ, ಅವರು ಕೇಳದಿದ್ದರೂ, ಕಸ್ಟರ್ಡಿನ ಸೂಕ್ಷ್ಮಗಳನ್ನು ವಿವರಿಸಿದೆ. ಮರುದಿನ ಒಂದು ಲೀಟರ್ ಹಾಲಿನದು ಮಾಡಿದೆ. ಅದೂ ಖಾಲಿ. ಬ್ಯಾಡಗಿ ಬಸ್ಸಿನ ಮಾತೇ ನಿಂತುಹೋಯಿತು.

ಮೂರನೆಯ ದಿನ ಖಾಲಿ ಬಟ್ಟಲು ತೊಳೆಯಲು ಹಿಡಿದವನು ಹಾಗೇ ನಿಂತೆ. ಬಟ್ಟಲಿನ ಅಂಚಿಗೆ ಕೆಂಪು ಗೆರೆ. ರಕ್ತ! ವಸಡು ಒಡೆದಿದೆ; ಪಾಪ, ಅಳಿಯ ನೊಂದುಕೊಂಡಾನೆಂದು ಹೇಳದೆ ನುಂಗುತ್ತಿದ್ದಾರೆ. ಒಂದು ಕೈಯಲ್ಲಿ ಬಟ್ಟಲು, ಇನ್ನೊಂದರಲ್ಲಿ ಡಾಕ್ಟರಿಗೆ ಮಾಡಲು ಫೋನು ಹಿಡಿದು ಕೋಣೆಗೆ ನುಗ್ಗಿದೆ. "ಅತ್ತೀ, ರಕ್ತ!"

ಅತ್ತೆಯವರು ಎರಡನೆಯ ಬಟ್ಟಲಿನ ಮುಂದೆ ಕುಳಿತಿದ್ದರು. ಸೊಂಟದ ಎಲೆಅಡಿಕೆ ಚೀಲ ಬಿಚ್ಚಿತ್ತು. ಅದರೊಳಗಿನ ಕಾಗದದ ಪೊಟ್ಟಣದಿಂದ ಒಂದು ಚಿಟಿಕೆ ತೆಗೆದು ಕಸ್ಟರ್ಡಿನ ಮೇಲೆ ಉದುರಿಸುತ್ತಿದ್ದರು. ನನ್ನ ಹಳದಿ ಕಸ್ಟರ್ಡ್ ಮುಳುಗುವ ಸೂರ್ಯನ ಬಣ್ಣಕ್ಕೆ ತಿರುಗಿತ್ತು.

"ಯಾಕ ಒದರಾಕತ್ತೀರಿ? ರಕ್ತ ಎಲ್ಲೈತಿ? ನಮ್ಮ ಮನೀ ಖಾರಪುಡಿ ಅದು."

"ಖಾರ ಮುಟ್ಟಬ್ಯಾಡ್ರಿ ಅಂದಾರಲ್ರಿ ಡಾಕ್ಟರು!"

"ಖಾರ ಬ್ಯಾಡ ಅಂದಾರ. ಬ್ಯಾಡಗಿ ಮೆಣಸಿನಕಾಯಿಗೆ ಖಾರ ಎಲ್ಲೈತ್ರಿ? ಬರೇ ಬಣ್ಣ. ಬಣ್ಣ ಬ್ಯಾಡ ಅಂದಾರೇನು?"

ಮೂವತ್ತು ವರ್ಷ ಸರ್ಕಾರಿ ಆದೇಶಗಳನ್ನು ಓದಿದ ನನಗೂ ಇಂಥ ಅರ್ಥ ಹೊಳೆದಿರಲಿಲ್ಲ. "ಉರಿಯಂಗಿಲ್ಲೇನ್ರಿ?" ಎಂದು ಕೇಳಿದೆ.

"ಒಂದೀಟು ಉರೀತೈತಿ. ಉರಿದ್ರ ಬಾಯಾಗ ಇನ್ನೂ ಜೀವ ಐತಿ ಅಂತ ಗೊತ್ತಾಗ್ತೈತಿ." ಒಂದು ಚಮಚ ಬಾಯಿಗಿಟ್ಟು ಚಪ್ಪರಿಸಿದರು. ಈ ಸಲ ಕಣ್ಣು ಮುಚ್ಚಿದ್ದು ಆನಂದದಿಂದ. "ಗಿರಿಜಾಗ ಹೇಳಬ್ಯಾಡ್ರಿ ಮತ್ತ. ನೀವು ಹೇಳಲಿಲ್ಲ ಅಂದ್ರ ನಾನೂ ಹೇಳಂಗಿಲ್ಲ."

"ನೀವೇನು ಹೇಳೋದೈತ್ರಿ?"

"ನಿಮ್ಮ ಕಸ್ಟರ್ಡ್ ಹೆಂಗಿತ್ತು ಅಂತ."

ಒಪ್ಪಂದವಾಯಿತು. ವಾರದ ಕೊನೆಗೆ ಡಾಕ್ಟರು ವಸಡು ನೋಡಿ, ಚೆನ್ನಾಗಿ ಮಾಯ್ದಿದೆ, ಹೇಳಿದ ಮಾತು ಕೇಳಿದ್ದಕ್ಕೆ ಹೀಗಾಯಿತು ಎಂದರು. ಅತ್ತೆಯವರು ನಮ್ರತೆಯಿಂದ ತಲೆ ತಗ್ಗಿಸಿದರು.

ಅವರು ಮಾತಿಗೆ ತಪ್ಪುವವರಲ್ಲ. ಅಳಿಯನ ಕಸ್ಟರ್ಡನ್ನು ಬ್ಯಾಡಗಿಯಲ್ಲಿ ಎಷ್ಟು ಹೊಗಳಿದರೆಂದರೆ, ಕಳೆದ ತಿಂಗಳು ನಾವಿಬ್ಬರೂ ಅಲ್ಲಿಗೆ ಹೋದಾಗ ನೀರು ಕೊಡುವ ಮೊದಲೇ ನನ್ನ ಮುಂದೆ ಎರಡು ಲೀಟರ್ ಹಾಲು ತಂದಿಟ್ಟರು. ಮಾಡಿದೆ. ಒಂದು ಗಂಟಿಲ್ಲ. ಮನೆಮಂದಿಯೆಲ್ಲ ಒಂದೊಂದು ಚಮಚ ಬಾಯಿಗಿಟ್ಟು ಒಬ್ಬರ ಮುಖ ಒಬ್ಬರು ನೋಡಿದರು. ಗಿರಿಜಾಳ ಅಣ್ಣನ ಮಗಳು, "ಮಾಮಾ, ಅಜ್ಜಿ ಹೇಳಿದ್ಹಂಗ ಇಲ್ಲಲ್ಲ ಇದು?" ಎಂದೇಬಿಟ್ಟಳು. ಇಪ್ಪತ್ಮೂರು ವರ್ಷಗಳ ಹೆಸರು ಬಟ್ಟಲಿನ ತಳಕ್ಕೆ ಇಳಿಯುತ್ತಿರುವುದು ನನಗೆ ಕಾಣಿಸಿತು.

ಆಗ ಮೂಲೆಯಿಂದ ಅತ್ತೆಯವರು, ಹೊಸ ಹಲ್ಲಿನ ಸೆಟ್ಟಿನೊಳಗಿಂದ ನಗುತ್ತ, ಸೊಂಟದ ಚೀಲ ಬಿಚ್ಚಿ ನನ್ನ ಕಡೆ ಚಾಚಿದರು. "ಅಳಿಯಂದ್ರ, ಅವತ್ತು ಹಾಕಿದ್ದು ಇವತ್ತು ಮರ್ತೀರಿ ನೋಡ್ರಿ!"

ಗಿರಿಜಾ ತಿರುಗಿ ನನ್ನನ್ನು ನೋಡಿದಳು. "ಅಂದ್ರ ಹಲ್ ಕಿತ್ತ ಬಾಯಿಗೆ ಖಾರ ಹಾಕಿ ಕೊಟ್ಟಿದ್ರೇನ್ರೀ?"

ಒಂದು ಕಡೆ ನನ್ನ ಕಸ್ಟರ್ಡು, ಇನ್ನೊಂದು ಕಡೆ ನನ್ನ ಸಂಸಾರ. ಚೀಲ ಇಸಿದುಕೊಂಡೆ, ಬಟ್ಟಲಿಗೊಂದು ಚಿಟಿಕೆ ಉದುರಿಸಿದೆ. ಎಲ್ಲರೂ ಎರಡೆರಡು ಸಲ ಹಾಕಿಸಿಕೊಂಡರು.

ಬ್ಯಾಡಗಿಯಲ್ಲಿ ನನ್ನ ಹೆಸರು ಮೊದಲಿಗಿಂತ ಕೆಂಪಗೆ ಹೊಳೆಯುತ್ತಿದೆ. ಹಾವೇರಿಯಲ್ಲಿ ಗಿರಿಜಾ ಇನ್ನೂ ನನ್ನೊಡನೆ ಸರಿಯಾಗಿ ಮಾತಾಡಿಲ್ಲ. ನಾಲ್ಕು ದಿನಗಳಿಂದ ನನ್ನ ಕೆಳಗಿನ ದವಡೆಯ ಹಲ್ಲೊಂದು ಅಲುಗಾಡುತ್ತಿದೆ, ಕೀಳಿಸದೆ ವಿಧಿಯಿಲ್ಲವಂತೆ. ಕೀಳಿಸಿಕೊಳ್ಳಲು ಭಯವಿಲ್ಲ. ಅದಾದ ಮೇಲೆ ಒಂದು ವಾರ ನನ್ನ ಗಂಜಿ ಅವಳ ಕೈಯಲ್ಲಿರುತ್ತದೆ ಎಂಬುದೊಂದೇ ಚಿಂತೆ.