ನಮ್ಮತ್ತೆಯ ಮುಕ್ಕಾಲು ಸುತ್ತು

ನಮ್ಮ ಸೋದರತ್ತೆ ಈ ಭೂಮಿಯ ಮೇಲೆ ಯಾವುದನ್ನೂ ಎಡಕ್ಕೆ ಸುತ್ತಿದವಳಲ್ಲ! ದೇವರ ಗುಡಿಯನ್ನು ಎಲ್ಲರೂ ಬಲಕ್ಕೇ ಸುತ್ತುತ್ತಾರೆ, ಅದೇನು ಮಹಾ ಎನ್ನಬೇಡಿ. ನಮ್ಮತ್ತೆ ಊಟದ ಮೇಜನ್ನೂ ಬಲಕ್ಕೇ ಸುತ್ತುತ್ತಾಳೆ. ದೋಸೆ ಹಿಟ್ಟನ್ನು ಕಾವಲಿಯ ಮೇಲೆ ಬಲಕ್ಕೇ ಹರಡುತ್ತಾಳೆ. ಮುದ್ದೆ ಕೋಲು ಎಡಕ್ಕೆ ತಿರುಗಿದರೆ ಮುದ್ದೆ ಗಂಟಾಗುತ್ತದಂತೆ! ಒಮ್ಮೆ ಮದುವೆಯ ಛತ್ರದಲ್ಲಿ ಕೈತೊಳೆಯುವ ನಲ್ಲಿ ಎಡಕ್ಕೆ ನಾಲ್ಕೇ ಹೆಜ್ಜೆಯಲ್ಲಿದ್ದರೂ ಎಂಜಲು ಕೈ ಮುಂದೆ ಹಿಡಿದುಕೊಂಡು ಇಡೀ ಊಟದ ಪಡಸಾಲೆಯನ್ನು ಬಲಕ್ಕೆ ಬಳಸಿ ಬಂದಳು. ನಲ್ಲಿ ಸೇರುವ ಹೊತ್ತಿಗೆ ಕೈ ಒಣಗಿ, ತೊಳೆಯಲು ಏನೂ ಉಳಿದಿರಲಿಲ್ಲ.

ಇದೆಲ್ಲ ಮನೆ, ಛತ್ರಗಳೊಳಗೆ ನಡೆಯುವವರೆಗೆ ನಗುವ ಮಾತೇ. ನನ್ನ ಜೀವ ಹಿಂಡಿದ್ದು ನಮ್ಮೂರ ಸರ್ಕಲ್ಲು.

ದೇವನಹಳ್ಳಿ ಕಡೆಯ ಈ ಸರ್ಕಲ್ಲನ್ನು ನೀವು ನೋಡಿದ್ದರೂ ವಿಮಾನ ತಪ್ಪೀತೆಂಬ ಅವಸರದಲ್ಲಿ ನೋಡಿರುತ್ತೀರಿ. ನಾಲ್ಕು ರಸ್ತೆ ಸೇರುವ ಜಾಗ. ನಡುವೆ ಒಂದು ದುಂಡು ಕಟ್ಟೆ, ಅದರ ಮೇಲೆ ಈವರೆಗೆ ಒಂದು ಹನಿ ನೀರನ್ನೂ ಚಿಮ್ಮಿಸದ ಕಾರಂಜಿ. ಸುತ್ತಲೂ ಏರ್‌ಪೋರ್ಟ್ ಟ್ಯಾಕ್ಸಿ, ದ್ರಾಕ್ಷಿ ಟೆಂಪೊ, ಜಲ್ಲಿ ಲಾರಿ, ಕಾಲೇಜು ಬಸ್ಸು. ಕಟ್ಟೆಯನ್ನು ಬಲಗಡೆಗೆ ಇಟ್ಟುಕೊಂಡು ಸುತ್ತಿ ಹೋಗಬೇಕೆಂಬುದು ನಿಯಮ. ಆದರೆ ಬಲಗಡೆಯ ರಸ್ತೆಗೆ ಹೋಗುವವನು ಅಷ್ಟು ದೂರ ಮುಕ್ಕಾಲು ಸುತ್ತು ಬಳಸುತ್ತಾನೆಯೇ? ಎದುರು ಬರುವವರ ಮೈಮೇಲೇ ನುಗ್ಗಿ ಕಾಲು ಸುತ್ತಿನಲ್ಲಿ ಮುಗಿಸುತ್ತಾನೆ. ಇನ್ನು ನಡೆದುಹೋಗುವವರ ಪಾಡು ಕೇಳಬೇಡಿ. ಜೀಬ್ರಾ ಪಟ್ಟೆ ಎಲ್ಲಿದೆಯೆಂದು ತಿಳಿಯಬೇಕಾದರೆ ಅದರ ಮೇಲೆ ನಿಂತ ಆಟೊಗಳನ್ನು ಸರಿಸಬೇಕು. ಕಳೆದ ಮಳೆಗಾಲದಲ್ಲಿ ಶಾಲೆಗೆ ಹೋಗುವಾಗ ನಾನು ಅಲ್ಲೇ ಸ್ಕೂಟರಿನಿಂದ ಬಿದ್ದು ಮುಂಗೈ ಮುರಿದುಕೊಂಡೆ. ಯಾರೋ ಎದುರಿಂದ ಬಂದು ಗುದ್ದಿದ ಎಂದು ಮನೆಯಲ್ಲಿ ಹೇಳಿದ್ದೆ.

ಕೈಕಟ್ಟು ಬಿಚ್ಚಿಸಿಕೊಂಡು ನಾನು ಮತ್ತೆ ಶಾಲೆಗೆ ಹೊರಟ ವಾರವೇ, ಇನ್ನು ಮೇಲೆ ಬೆಳಗಿನ ಹೂ ತಾನೇ ತರುತ್ತೇನೆ ಎಂದು ಅತ್ತೆ ಹೊರಟು ನಿಂತಳು. ಹಿತ್ತಲಲ್ಲಿ ಕನಕಾಂಬರ ಬಿಟ್ಟು ಉದುರುತ್ತಿತ್ತು! ಹೋಗಲಿ, ಎಪ್ಪತ್ತರ ಹತ್ತಿರದ ಜೀವ, ಕಾಲಾಡಲಿ ಎಂದುಕೊಂಡೆ. ಹೂವಿನಮ್ಮ ಕೂರುವುದು ನಮ್ಮ ಶಾಲೆಯ ರಸ್ತೆಯ ಬಾಯಲ್ಲಿ, ನಮ್ಮ ರಸ್ತೆಯನ್ನೊಂದು ದಾಟಿದರೆ ಎದುರಿಗೇ. ನಮ್ಮತ್ತೆ ದಾಟಿದ್ದು ಮೂರು ರಸ್ತೆ! ಹಿಂದಿಂದ ಸ್ಕೂಟರಿನಲ್ಲಿ ಬರುತ್ತಿದ್ದ ನಾನು ಗಾಡಿ ನಿಲ್ಲಿಸಿ ನೋಡಿದೆ. ಕಾರಂಜಿಯನ್ನು ಬಲಗಡೆಗೆ ಇಟ್ಟುಕೊಂಡು, ಜಲ್ಲಿ ಲಾರಿಗಳಿಗೆ ಆಶೀರ್ವಾದ ಮಾಡುವವಳಂತೆ ಅಂಗೈ ತೋರಿಸುತ್ತ, ಒಂದೊಂದೇ ರಸ್ತೆ ದಾಟಿಕೊಂಡು ಮುಕ್ಕಾಲು ಸುತ್ತು ಬಂದು ಹೂವಿನಮ್ಮನ ಮುಂದೆ ಕೂತಳು.

ಸಂಜೆ ವಿಚಾರಣೆ ಇಟ್ಟೆ. ನೇರವಾಗಿ ಹೋದರೆ ಅಪ್ರದಕ್ಷಿಣೆಯಾಗುತ್ತದೆ ಎಂದಳು. ಒಣಗಿದ ಕಾರಂಜಿ ಬಿಟ್ಟರೆ ಅಲ್ಲಿ ಯಾವ ದೇವರಿದೆ ಎಂದು ಕೇಳಿದೆ.

"ದಿನಾ ಇಷ್ಟು ಜನ ಅಲ್ಲಿ ಸಾಯ್ದೆ ಮನೆ ಸೇರ್ತಾರಲ್ಲ, ದೇವ್ರಿಲ್ದೆ ಆಗುತ್ತಾ?" ಎಂದಳು.

ಅಂದಿನಿಂದ ನನ್ನ ಮೊದಲ ಪೀರಿಯಡ್ಡು ಹಾಳಾಯಿತು. ನಾನು ಲೆಕ್ಕದ ಟೀಚರು. ಬೋರ್ಡಿನ ಮೇಲೆ ಮುಕ್ಕಾಲಿನಿಂದ ಕಾಲು ಕಳೆಯುತ್ತಿರುವಾಗ ದೂರದಲ್ಲಿ ಆಂಬುಲೆನ್ಸ್ ಕೂಗಿದರೆ ಸೀಮೆಸುಣ್ಣ ಕೈಯಲ್ಲೇ ಮುರಿಯುತ್ತಿತ್ತು. ಮನೆ ಮುಟ್ಟಿದ ಕೂಡಲೇ ಒಂದು ಮಿಸ್ಡ್ ಕಾಲ್ ಕೊಡು ಎಂದು ಅತ್ತೆಯ ಕೈಗೆ ಮೊಬೈಲು ಕೊಟ್ಟೆ. ಅದು ಅಕ್ಕಿ ಡಬ್ಬದ ಮೇಲೆ ಕೂತಿತು. ನಾನೇ ಮಾಡಿದರೆ ಎತ್ತುತ್ತಿರಲಿಲ್ಲ, ಅಡಿಗೆ ಮಾಡುವಾಗ ಅದನ್ನು ಮುಟ್ಟಿದರೆ ಮಡಿ ಕೆಡುತ್ತದಂತೆ! ಒಂದು ದಿನ ಅವಳ ಚಪ್ಪಲಿ ಬಚ್ಚಿಟ್ಟೆ. ಪ್ರದಕ್ಷಿಣೆಗೆ ಚಪ್ಪಲಿ ಯಾಕೆ ಎಂದು ಬರಿಗಾಲಲ್ಲೇ ಹೋದಳು.

ಅವಳು ಬದಲಾಗುವವಳಲ್ಲ, ಸರ್ಕಲ್ಲಾದರೂ ಬದಲಾಗಲಿ ಎಂದು ಅರ್ಜಿ ಬರೆಯಲು ಕೂತೆ. ಎಷ್ಟು ಬರೆದೆನೋ ಲೆಕ್ಕವಿಲ್ಲ. ಕೊನೆಗೂ ಒಬ್ಬ ಎಳೆಯ ಇಂಜಿನಿಯರು ಬಂದು, ಯಾವ ಗಾಡಿ ಎಲ್ಲಿಂದ ಎಲ್ಲಿಗೆ ಹೋಗುತ್ತದೆಂದು ಹೂವಿನಮ್ಮನ ಪಕ್ಕದಲ್ಲೇ ಕುರ್ಚಿ ಹಾಕಿಕೊಂಡು ಬರೆದುಕೊಳ್ಳತೊಡಗಿದರು. ಅಷ್ಟರಲ್ಲಿ ಬೈಕಿನವನೊಬ್ಬ ಅಡ್ಡದಾರಿಯಲ್ಲಿ ನುಗ್ಗಿ ಅತ್ತೆಯ ಸೆರಗು ಸವರಿಕೊಂಡು ನಿಂತ. ಅತ್ತೆ ಕೂಗಾಡಲಿಲ್ಲ, ಅವನ ಹ್ಯಾಂಡಲ್ಲಿನ ಮೇಲೆ ಕೈಯಿಟ್ಟಳು.

"ಎಡಕ್ಕೆ ಸುತ್ತೋದು ಹೆಣಾನ ಕಣಪ್ಪ. ನಿಮ್ಮನೇಲಿ ಯಾರು ಹೋದ್ರು?"

ಅವನು ಮುಖ ಸಪ್ಪಗೆ ಮಾಡಿಕೊಂಡು, ಬೈಕನ್ನು ತಳ್ಳಿಕೊಂಡೇ ಹಿಂದಕ್ಕೆ ಹೋಗಿ, ಇಡೀ ಸುತ್ತು ಬಳಸಿ ಹೋದ. ದಂಡಕ್ಕೂ ಜಗ್ಗದ ಜನ ಈ ಒಂದು ಮಾತಿಗೆ ಹೆದರಿದರು! ಅಂದಿನಿಂದ ಅಲ್ಲಿನ ಕಾನ್‌ಸ್ಟೇಬಲ್ಲು ಕೂಡ ಅಡ್ಡ ಬಂದವರನ್ನು ನಿಲ್ಲಿಸಿ "ಅಪ್ರದಕ್ಷಿಣೆ ಕೇಸು" ಎನ್ನತೊಡಗಿದರು.

ಒಂದೆರಡು ತಿಂಗಳಲ್ಲಿ ಕೆಲಸ ನಡೆಯಿತು. ರಸ್ತೆಗಳ ಬಾಯಿ ಕಿರಿದು ಮಾಡಿದರು. ಜೀಬ್ರಾ ಪಟ್ಟೆಯನ್ನು ತಿರುವಿನಿಂದ ಒಂದು ಕಾರಿನಷ್ಟು ಹಿಂದಕ್ಕೆ ಬಳಿದರು. ಅರ್ಧ ದಾಟಿದವರು ನಿಂತು ಉಸಿರು ಬಿಡಲೆಂದು ಪ್ರತಿ ರಸ್ತೆಯ ನಡುವೆ ಪುಟ್ಟ ಕಟ್ಟೆ ಕಟ್ಟಿದರು. ಬಾಯಿ ಕಿರಿದಾದರೆ ಗಾಡಿಗಳು ತಾವಾಗಿ ನಿಧಾನವಾಗುತ್ತವೆ ಎಂದು ಇಂಜಿನಿಯರು ಅತ್ತೆಗೆ ವಿವರಿಸಿದರಂತೆ. ಗರ್ಭಗುಡಿಯ ಬಾಗಿಲು ಸಣ್ಣದಾಗಿರುವುದೂ ಅದಕ್ಕೇ ಅಲ್ಲವೇ, ಇಷ್ಟು ತಿಳಿಯಲು ನಿಮಗೆ ಇಷ್ಟು ದಿನ ಬೇಕಾಯಿತೇ ಎಂದು ಇವಳು ಕೇಳಿದಳಂತೆ.

ಇನ್ನಾದರೂ ಒಂದೇ ರಸ್ತೆ ದಾಟು ಎಂದು ಬೇಡಿಕೊಂಡೆ. ಊಹೂಂ. ಮೂರು ರಸ್ತೆ, ಮುಕ್ಕಾಲು ಸುತ್ತು. ಭಾನುವಾರ ಮಾತ್ರ ಹಿತ್ತಲಿನ ಕನಕಾಂಬರವೇ ದೇವರಿಗೆ ಸಾಕಾಗುತ್ತಿತ್ತು. ಆಗಲೂ ನನಗೆ ಅನುಮಾನ ಬರಲಿಲ್ಲ. ಲೆಕ್ಕದ ಟೀಚರಂತೆ!

ಹೋದ ವಾರ ಸ್ಕೂಟರು ಸ್ಟಾರ್ಟಾಗದೆ ಹೊರಡುವುದೇ ತಡವಾಯಿತು. ಸರ್ಕಲ್ಲಿಗೆ ಬಂದಾಗ ಪ್ರಾರ್ಥನೆಗೆ ಮೂರೇ ನಿಮಿಷವಿತ್ತು. ಕಾನ್‌ಸ್ಟೇಬಲ್ಲು ಇರಲಿಲ್ಲ. ಬಲಕ್ಕೆ ನೋಡಿದೆ, ನಮ್ಮ ಶಾಲೆಯ ರಸ್ತೆ ಕೈಗೆಟಕುವಂತಿತ್ತು, ಎದುರು ಒಂದು ಗಾಡಿಯೂ ಇರಲಿಲ್ಲ. ನನಗೇ ಗೊತ್ತಾಗದಂತೆ ಹ್ಯಾಂಡಲ್ಲು ಬಲಕ್ಕೆ ಹೊರಳಿತು.

ನಮ್ಮ ರಸ್ತೆಯ ನಡುವಿನ ಪುಟ್ಟ ಕಟ್ಟೆಯ ಮೇಲೆ, ಹೂವಿನ ಪೊಟ್ಟಣ ಹಿಡಿದುಕೊಂಡು ಅತ್ತೆ ನಿಂತಿದ್ದಳು. ನಾನು ಬ್ರೇಕು ಹಾಕಿದೆ. ನಿಮ್ಮನೇಲಿ ಯಾರು ಹೋದ್ರು ಎಂದು ನನ್ನನ್ನು ಕೇಳಲಿಲ್ಲ. ಹತ್ತಿರ ಬಂದು ನನ್ನ ಮುಂಗೈ ಹಿಡಿದುಕೊಂಡಳು, ಮುರಿದು ಕೂಡಿದ ಜಾಗದಲ್ಲೇ.

"ಅವತ್ತೂ ಹಿಂಗೇ ಬಂದಿದ್ದೆ ಅಲ್ವಾ?"

ಹೌದು. ಅವತ್ತು ನನಗೆ ಯಾರೂ ಎದುರು ಬಂದು ಗುದ್ದಿರಲಿಲ್ಲ. ಎದುರು ಹೋಗಿ ಗುದ್ದಿದವಳು ನಾನೇ. ಹೂವಿನಮ್ಮ ಕಣ್ಣಾರೆ ಕಂಡು ಅವತ್ತೇ ಅತ್ತೆಗೆ ಹೇಳಿದ್ದಳಂತೆ. ಇಷ್ಟು ತಿಂಗಳು ಅತ್ತೆ ಒಂದು ಮಾತೂ ಕೇಳಿರಲಿಲ್ಲ.

"ನೀನು ಬಿಟ್ಟಿದ್ದ ಮುಕ್ಕಾಲು ಸುತ್ತು ನಾನು ಸುತ್ತುತಾ ಇದೀನಿ ಕಣೆ," ಎಂದಳು ಮೆಲ್ಲಗೆ. "ಅದರ ದೋಷ ನಿಂಗೆ ತಾಗಬಾರ್ದು ಅಂತ. ಆಮೇಲೆ ನಿನ್ನ ಗಾಡಿ ದಾಟೋವರ್ಗೂ ಹೂವಿನಮ್ಮನ ಹತ್ರಾನೇ ಕೂತಿರ್ತೀನಿ. ಇವತ್ತು ಯಾಕೋ ಬರಲೇ ಇಲ್ಲ ಅಂತ ನೋಡೋಕೆ ಬಂದೆ."

ಅವಳಿಗಾಗಿ ನಾನು ಸೀಮೆಸುಣ್ಣ ಮುರಿಯುತ್ತಿದ್ದೆ. ಅವಳೋ ನನಗಾಗಿ ಬರಿಗಾಲಲ್ಲಿ ಲಾರಿಗಳ ನಡುವೆ ನಡೆದಿದ್ದಳು. ಸ್ಕೂಟರನ್ನು ಹಿಂದಕ್ಕೆ ತಳ್ಳಿದೆ. "ಹೋಗು, ನಿಧಾನಕ್ಕೆ ಸುತ್ಕೊಂಡು ಹೋಗು. ಮುಟ್ಟಿದ ಮೇಲೆ ಒಂದು ಮಿಸ್ಡ್ ಕಾಲ್ ಕೊಡು," ಎಂದಳು.

ಒಂದು ರಸ್ತೆ, ಎರಡು ರಸ್ತೆ, ಮೂರು. ಕಣ್ಣು ಮಂಜಾಗಿ ಕಾರಂಜಿಯಲ್ಲಿ ನೀರು ಬಂದ ಹಾಗೆ ಕಂಡಿತು. ಶಾಲೆಯಲ್ಲಿ ಪ್ರಾರ್ಥನೆ ಮುಗಿದಿತ್ತು. ತಡವೇಕೆಂದು ಹೆಡ್‌ಮೇಷ್ಟ್ರು ಕೇಳುತ್ತಿದ್ದರೂ ಮೊದಲು ಮನೆಗೆ ಮಿಸ್ಡ್ ಕಾಲ್ ಕೊಟ್ಟೆ. ಅಡಿಗೆಯ ಹೊತ್ತಿನಲ್ಲಿ ಮೊಬೈಲು ಮುಟ್ಟದ ನಮ್ಮತ್ತೆ, ಮೊದಲ ರಿಂಗಿಗೇ ಎತ್ತಿಬಿಟ್ಟಳು.