ಫಾಲ್ಸಿಗೆ ಬೆನ್ನು ಮಾಡಿ ನಿಂತವರು

ನಾನು ಶಾಂತ ಸ್ವಭಾವದವನು ಎಂದು ಹೇಳಿಕೊಂಡರೆ ನನ್ನ ಹೆಂಡತಿಯೇ ನಕ್ಕಾಳು. ಸಿಟ್ಟು ನನ್ನ ಮೂಗಿನ ತುದಿಯಲ್ಲೇ ಇರುತ್ತದೆ. ಆದರೂ ಬೇಸಿಗೆಯಲ್ಲಿ ಅದು ಹೇಗೋ ಸುಮ್ಮನಿರುತ್ತದೆ. ಮಳೆಗಾಲ ಬಂದು, ಹುಕ್ಕೇರಿ ಕಡೆಯ ಹಿಡಕಲ್ ಡ್ಯಾಮು ತುಂಬಿ, ಗೇಟು ಎತ್ತಿ, ಘಟಪ್ರಭೆ ಕೆಂಪಗೆ ಉಕ್ಕಿ ನಮ್ಮ ಗೋಕಾಕ ಫಾಲ್ಸಿನಲ್ಲಿ ಧುಮುಕತೊಡಗಿದ ಕೂಡಲೇ ನನ್ನ ಸಿಟ್ಟಿನ ಗೇಟೂ ತೆರೆಯುತ್ತದೆ. ಕಾರಣ ನೀರಲ್ಲ, ನೀರು ನೋಡಲು ಬರುವ ನೆಂಟರಿಷ್ಟರು. ವರ್ಷವಿಡೀ ನಾನು ಬದುಕಿದ್ದೇನೋ ಇಲ್ಲವೋ ಎಂದು ವಿಚಾರಿಸದವರು ಆಗ ಫೋನು ಮಾಡಿ "ಹೇಗಿದೀರಿ?" ಎನ್ನುತ್ತಾರೆ. ನಾನು ಬಾಯಿ ತೆರೆಯುವ ಮೊದಲೇ "ನೀರು ಹೇಗಿದೆ?" ಎನ್ನುತ್ತಾರೆ. ಹೋಗುವಾಗ ಕರದಂಟಿನ ಡಬ್ಬಿಗಳನ್ನು ಕಂಕುಳಲ್ಲಿ ಇರಿಸಿಕೊಂಡು, ಇಂಥ ಊರಿನಲ್ಲಿರುವ ನೀವೇ ಪುಣ್ಯವಂತರು ಎಂದು ಹೊಟ್ಟೆ ಉರಿಸಿ ಹೋಗುತ್ತಾರೆ.

ಈ ಪುಣ್ಯದಲ್ಲಿ ನನ್ನ ಹೆಂಡತಿ ಮಹಾದೇವಿಯ ಪಾಲು ಎಷ್ಟು ಎಂದು ಯಾರೂ ಕೇಳುವುದಿಲ್ಲ. ಆಕೆ ನಾಗನೂರಿನವಳು. ಮದುವೆಯಾಗಿ ಗೋಕಾಕಕ್ಕೆ ಬಂದಾಗಿನಿಂದ ತುಂಬಿದ ಫಾಲ್ಸನ್ನು ಒಮ್ಮೆಯೂ ನೋಡಿಲ್ಲ. ನೀರಿದ್ದಾಗ ಮನೆ ತುಂಬ ಜನ. ಅವರಿಗೆ ರೊಟ್ಟಿ ಬಡಿಯಬೇಕು, ಬದನೆಕಾಯಿ ಎಣ್ಣೆಗಾಯಿ ಮಾಡಬೇಕು. ಜನರಿಲ್ಲದಾಗ ನನಗೆ ಪುರಸೊತ್ತು. ಆಗ ಕರೆದುಕೊಂಡು ಹೋಗಿ ಒಣಗಿದ ಕರಿಬಂಡೆ ತೋರಿಸಿ ಕೈ ತೊಳೆದುಕೊಂಡಿದ್ದೇನೆ. ಹಾಗಾಗಿ ಈ ಸಲ ಮೊದಲೇ ಮಾತು ಕೊಟ್ಟಿದ್ದೆ. ಮಳೆ ತಗ್ಗಿತ್ತು, ಸೋಮವಾರ ಡ್ಯಾಮಿನ ಗೇಟು ಇಳಿಸುತ್ತಾರೆಂಬ ಸುದ್ದಿ ಇತ್ತು. ನಾನೋ ಮೂಡಲಗಿಯ ಸಾಲೆಯಲ್ಲಿ ಮಾಸ್ತರ, ಭಾನುವಾರ ಬಿಟ್ಟರೆ ರಜೆ ಇಲ್ಲ. ಆ ಭಾನುವಾರ ಮಹಾದೇವಿ ಇಳಕಲ್ ಸೀರೆ ಉಟ್ಟು, ದುರಡಿ ಬುಟ್ಟಿಯಲ್ಲಿ ಬುತ್ತಿ ಕಟ್ಟಿ, ಬಸ್ಸಿಗೆ ಹೊರಡಲು ಚಪ್ಪಲಿ ಮೆಟ್ಟುತ್ತಿದ್ದಳು.

ಫೋನು ಬಂತು. ಕಾಲೇಜಿನಲ್ಲಿ ನನ್ನ ಜೊತೆ ಓದಿದ ಮೈಸೂರಿನ ಸುರೇಶ. "ಅಂಕಲಗಿ ದಾಟಿಬಿಟ್ಟಿದ್ದೀವಿ ಕಣೋ, ಮನೇಲೇ ಇದೀಯಾ ತಾನೆ?" ಇಲ್ಲ ಎನ್ನಬಹುದಿತ್ತು. ಎನ್ನಲಿಲ್ಲ. ಸ್ವಲ್ಪ ಹೊತ್ತಿಗೆ ಸುರೇಶ, ಅವನ ಹೆಂಡತಿ, ಇಬ್ಬರು ಮಕ್ಕಳು ಬಂದಿಳಿದು ಮಹಾದೇವಿಯ ಬುತ್ತಿಯನ್ನು ನಾಷ್ಟಾ ಎಂದು ತಿಂದು ಮುಗಿಸಿದರು. ಕಾರಿನಲ್ಲಿ ಇನ್ನೊಬ್ಬರಿಗೆ ಮಾತ್ರ ಜಾಗವಿತ್ತು. "ದಾರಿ ತೋರಿಸೋಕೆ ನೀನಂತೂ ಬೇಕೇ ಬೇಕು" ಎಂದ ಸುರೇಶ. ನಾನು ಮಹಾದೇವಿಯ ಮುಖ ನೋಡಿದೆ. "ಹೋಗಿ ಬರ್ರಿ. ಮಂದಿ ದೂರದಿಂದ ಬಂದಾರ. ನಾ ಎಲ್ಲಿ ಓಡಿ ಹೋಗ್ತೇನಿ?" ಎಂದವಳು ಸೀರೆಯ ಸೆರಗು ಸಿಕ್ಕಿಸಿ ಹಿಟ್ಟಿನ ಡಬ್ಬಿ ಇಳಿಸಿದಳು. ನನಗೆ ಎಲ್ಲಿಲ್ಲದ ಸಿಟ್ಟು ಬಂತು. ಸಿಟ್ಟಿನಲ್ಲೇ ಹೋಗಿ ಕಾರಿನಲ್ಲಿ ಕೂತೆ.

ಸುರೇಶನಿಗೆ ಈಗ ಪ್ರವಾಸದ ವಿಡಿಯೋ ಮಾಡುವ ಹುಚ್ಚು. ಫಾಲ್ಸಿನ ಎದುರು ನಿಂತು ಅವನು ಶುರುಮಾಡಿದ: "ಸ್ನೇಹಿತರೇ, ಇದು ಯಾರೂ ನೋಡದ ಜಾಗ!" ಯಾರೂ ಎಂದರೆ? ನಮ್ಮ ಬಾಜೂ ನಿಂತು ಬೆಲ್ಲದ ಚಹಾ ಮಾರುತ್ತಿದ್ದ ದಸ್ತಗೀರ ಕಾಕಾ ಯಾರೂ ಅಲ್ಲವೇ? ಸಂಕೇಶ್ವರದಿಂದ ಟೆಂಪೋ ಕಟ್ಟಿಕೊಂಡು ಬಂದು ಫಾಲ್ಸಿನ ತುಂತುರಿನಲ್ಲಿ ತೊಯ್ದು ನಿಂತಿದ್ದವರಿಗೆ ಕಣ್ಣಿರಲಿಲ್ಲವೇ? ಇಷ್ಟು ಹೇಳಿದವನು ನದಿಯನ್ನು ಸರಿಯಾಗಿ ಒಮ್ಮೆ ನೋಡಿದನೇ ಎಂದರೆ ಅದೂ ಇಲ್ಲ. ಗಂಡ, ಹೆಂಡತಿ, ಮಕ್ಕಳು ಎಲ್ಲರೂ ಫಾಲ್ಸಿಗೆ ಬೆನ್ನು ಮಾಡಿ ಮೊಬೈಲಿಗೆ ಹಲ್ಲು ತೋರಿಸಿದರು. ಅವನ ಹೆಂಡತಿ, "ನೀರು ಯಾಕೆ ಟೀ ಥರ ಇದೆ? ಬೆಳ್ಳಗಿದ್ರೆ ಚೆನ್ನಾಗಿರ್ತಿತ್ತು" ಎಂದರು, ಬಣ್ಣ ಬಳಿದವನು ನಾನೇ ಎಂಬಂತೆ. ಕೊನೆಗೆ ಸುರೇಶ ನನ್ನನ್ನು ಮೊಬೈಲಿನ ಎದುರಿಗೆ ನಿಲ್ಲಿಸಿ, "ನೀನು ಲೋಕಲ್ಲು, ಎರಡು ಮಾತಾಡು" ಎಂದ.

ಬೆಳಿಗ್ಗೆಯಿಂದ ಕುದಿಯುತ್ತಿದ್ದುದೆಲ್ಲ ಉಕ್ಕಿತು. "ಯಾರೂ ನೋಡಿಲ್ಲಂತ ಯಾಕ ಹೇಳ್ತೀಯಲೇ? ನಮ್ಮಜ್ಜ ನೋಡ್ಯಾನ, ನಮ್ಮಪ್ಪ ನೋಡ್ಯಾನ, ನಾ ದಿನಾ ನೋಡ್ತೇನಿ! ನೀವು ಬರೋದು, ಫಾಲ್ಸಿಗಿ ಬೆನ್ನು ಮಾಡಿ ನಿಂದ್ರೋದು, ಹೋಗೋದು. ನೋಡೋ ಮಂದಿಗಿ ಜರಾ ಜಾಗಾ ಬಿಡ್ರಿ!" ಎಂದು ಕೈ ಬೀಸಿ ಬೀಸಿ ಕೂಗಿದೆ. ದಸ್ತಗೀರ ಕಾಕಾ ಚಹಾ ಸೋಸುವುದನ್ನು ಬಿಟ್ಟು, "ಮಾಸ್ತರ, ಬಿ.ಪಿ. ಗುಳಿಗಿ ತಗೊಂಡೀರೇನ್ರಿ?" ಎಂದ. ಸುರೇಶನಿಗೆ ಮಾತ್ರ ಬಹಳ ಖುಷಿಯಾಗಿತ್ತು. "ಸೂಪರ್! ಒಂದೇ ಟೇಕು!" ಎಂದು ಬೆನ್ನು ತಟ್ಟಿದ.

ಮನೆಗೆ ಬಂದು ಊಟ ಮುಗಿಸಿ, ಕರದಂಟು ಕಟ್ಟಿಸಿಕೊಂಡು ಅವರು ಹೋದರು. ಸಂಜೆ ಸುರೇಶ ವಿಡಿಯೋ ಕಳಿಸಿದ. ನನ್ನ ಪರಾಕ್ರಮ ತೋರಿಸೋಣವೆಂದು ಮಹಾದೇವಿಯನ್ನು ಕರೆದೆ. ಆಕೆ ಒದ್ದೆ ಕೈ ಒರೆಸಿಕೊಂಡು, ಮೂಗಿಗೆ ಚಾಳೀಸು ಏರಿಸಿಕೊಂಡು, ಮೊಬೈಲನ್ನು ಎರಡೂ ಕೈಯಲ್ಲಿ ಹಿಡಿದು ಕೂತಳು. ಪರದೆಯ ತುಂಬ ನಾನೇ ಇದ್ದೆ. ನನ್ನ ಹೊಟ್ಟೆ, ನನ್ನ ಬೀಸುವ ಕೈ, ನನ್ನ ತೆರೆದ ಬಾಯಿ. ನನ್ನ ಕಿವಿಗಳ ಆಚೀಚೆ ಒಂದಿಷ್ಟು ಕೆಂಪು ನೀರು ಇಣುಕುತ್ತಿತ್ತು. ಆಕೆ ಮೊಬೈಲನ್ನು ಅತ್ತ ಓರೆ ಮಾಡಿದಳು, ಇತ್ತ ಓರೆ ಮಾಡಿದಳು, ನನ್ನ ಹಿಂದೆ ಏನಿದೆಯೆಂದು ಕತ್ತು ಬಗ್ಗಿಸಿ ನೋಡಿದಳು. ಒಳಗಿದ್ದ ನಾನು ನೋಡುವವರಿಗೆ ಜಾಗ ಬಿಡಿ ಎಂದು ಇನ್ನೂ ಕೂಗುತ್ತಲೇ ಇದ್ದೆ.

"ಎಲ್ಲಾ ಖರೆ ಹೇಳೀರಿ" ಎಂದಳು ಮಹಾದೇವಿ, ಕಣ್ಣು ಮೊಬೈಲಿನಲ್ಲೇ ಇಟ್ಟು. "ಆದ್ರ ನೀವು ಜರಾ ಬಾಜೂ ಸರದು ನಿಂತಿದ್ರ, ನಾನೂ ನೋಡ್ತಿದ್ದೆ."