ಮೇಣ ಹಚ್ಚಿದ ಭಾನುವಾರ

ಕಾರು ಇಟ್ಟುಕೊಂಡವರಲ್ಲಿ ಓಡಿಸುವವರು, ಒರೆಸುವವರು ಎಂದು ಎರಡು ಪಂಗಡಗಳಿವೆ. ನಾನು ಒರೆಸುವ ಪಂಗಡಕ್ಕೆ ಸೇರಿದವನು. ನಮ್ಮ ಮನೆಯಲ್ಲಿ ಕಾರು ಓಡಿಸುವುದು ನನ್ನ ಹೆಂಡತಿ ವಿಮಲಾ. ನಾನೂ ಒಮ್ಮೆ ಕಲಿಯಲು ಹೋಗಿದ್ದೆ. ವಿಜಯನಗರದ ಮಾರ್ಕೆಟ್ ರಸ್ತೆಯಲ್ಲಿ ಯಾರಾದರೂ ಅಡ್ಡ ಬಂದರೆ, ಬ್ರೇಕು ಒತ್ತುವುದಕ್ಕೆ ಮೊದಲು ಕಿಟಕಿಯಿಂದ ತಲೆ ಹೊರಗೆ ಹಾಕಿ "ಸ್ವಲ್ಪ ಪಕ್ಕಕ್ಕೆ ಸರೀತೀರಾ?" ಎಂದು ಕೇಳುತ್ತಿದ್ದೆ. ಕಲಿಸುವಾತ ಒಂದು ವಾರ ತಾಳಿಕೊಂಡ. ಆಮೇಲೆ "ಸಾರ್, ನಿಮ್ಮದು ತುಂಬಾ ಒಳ್ಳೇ ಸ್ವಭಾವ. ನೀವು ಮೆಟ್ರೋಲೇ ಓಡಾಡಿ" ಎಂದು ಕೈ ಮುಗಿದ. ಅಂದಿನಿಂದ ಕಾರಿನಲ್ಲಿ ನನ್ನ ಜಾಗ ಎಡಗಡೆಯ ಸೀಟು. ಎಡಗಡೆ ಕೂತವನಿಗೆ ಮನೆಯ ಕಾರಿನ ಮೇಲೆ ಏನಾದರೂ ಹಕ್ಕು ಬೇಕಲ್ಲ, ಅದಕ್ಕಾಗಿ ತೊಳೆಯುವ ಕೆಲಸವನ್ನು ನಾನೇ ವಹಿಸಿಕೊಂಡೆ.

ಮಳೆಗಾಲ ಮುಗಿದು ಬೆಳಗಿನ ಹೊತ್ತು ಸ್ವೆಟರು ಹುಡುಕುವ ದಿನಗಳು ಬಂದಾಗ ಈ ಕೆಲಸ ಜೋರಾಗುತ್ತದೆ. ನಮ್ಮ ಮಾರೇನಹಳ್ಳಿಯಲ್ಲಿ ಚಳಿಗಾಲದ ಕಾರಿನ ಕಷ್ಟವೇ ಬೇರೆ. ಹಗಲೆಲ್ಲ ರಸ್ತೆ ಅಗೆದ ಧೂಳು ಕೂರುತ್ತದೆ, ರಾತ್ರಿ ಅದರ ಮೇಲೆ ಇಬ್ಬನಿ ಬೀಳುತ್ತದೆ, ಕವರು ಹೊದಿಸಿದರೂ ಬೆಳಗಾಗುವಷ್ಟರಲ್ಲಿ ಕಾರು ಗೋಪಿ ಬಣ್ಣ ಬಳಿದ ಗೋಡೆಯ ಹಾಗೆ ಕಾಣುತ್ತದೆ. ಇದಕ್ಕೆ ಪರಿಹಾರ ಹುಡುಕುತ್ತಾ ನಾನು ಮೊಬೈಲಿನಲ್ಲಿ ವಿದೇಶಿಯೊಬ್ಬನ ವಿಡಿಯೋ ನೋಡಿದೆ. ಚಳಿಗಾಲಕ್ಕೆ ಮುಂಚೆ ಕಾರನ್ನು ತೊಳೆದು, ಪಾಲಿಷ್ ಮಾಡಿ, ಅದರ ಮೇಲೆ ವ್ಯಾಕ್ಸ್, ಅಂದರೆ ಮೇಣ, ಹಚ್ಚಬೇಕು, ಎಲ್ಲವನ್ನೂ ಕೈಯಲ್ಲೇ ಮಾಡಬೇಕು, ಯಂತ್ರ ಮುಟ್ಟಬಾರದು ಎಂದು ಅವನು ಹೇಳಿದ. ಅವನು ಹೇಳುತ್ತಿದ್ದುದು ಹಿಮ ಬೀಳುವ ಊರಿನ ಮಾತು. "ಇಲ್ಲಿ ಹಿಮ ಎಲ್ಲಿ ಬೀಳತ್ತೆ?" ಎಂದು ವಿಮಲಾ ಕೇಳಿದಳು. ಬಿದ್ದ ಮೇಲೆ ಹಚ್ಚಿ ಏನು ಪ್ರಯೋಜನ ಎಂದು ನಾನು ಕೇಳಿದೆ. ನಾನು ಕಾಮಾಕ್ಷಿಪಾಳ್ಯದ ಬಿಡಿಭಾಗಗಳ ಅಂಗಡಿಗೆ ಹೋಗಿ ಶ್ಯಾಂಪೂ, ಪಾಲಿಷು, ಮೇಣದ ಡಬ್ಬಿ, ಮೆತ್ತನೆಯ ಬಟ್ಟೆ ಎಲ್ಲವನ್ನೂ ತಂದು, ಭಾನುವಾರಕ್ಕಾಗಿ ಕಾದೆ.

ಇಲ್ಲಿ ಎದುರು ಮನೆಯ ನಂಜೇಗೌಡರ ವಿಷಯ ಹೇಳಬೇಕು. ಅವರದು ಇಲ್ಲಿನ ಹಳೆಯ ಕುಟುಂಬ. ನಮ್ಮ ರಸ್ತೆ ಇರುವ ಜಾಗ ಒಂದು ಕಾಲಕ್ಕೆ ಅವರ ತಂದೆಯ ರಾಗಿ ಹೊಲ. ನಾನು ಪಿಯು ಕಾಲೇಜಿನಲ್ಲಿ ಇತಿಹಾಸ ಪಾಠ ಮಾಡುವವನಾದ್ದರಿಂದ ಅವರು ನನ್ನನ್ನು ಮೇಷ್ಟ್ರೇ ಎನ್ನುತ್ತಿದ್ದರು, ನಾನು ಗೌಡ್ರೇ ಎನ್ನುತ್ತಿದ್ದೆ. ಅವರ ಮನೆಯಲ್ಲಿ ಅವರೆಕಾಯಿ ಕಾಲಕ್ಕೆ ಹಿದುಕಿದ ಬೇಳೆ ಸಾರು ಮಾಡಿದರೆ ಒಂದು ಪಾತ್ರೆ ನಮಗೆ ಬಂದೇ ಬರುತ್ತಿತ್ತು. ಆದರೆ ಎರಡೂ ಮನೆಗಳ ನಡುವೆ, ನಮ್ಮ ಗೇಟಿನ ಪಕ್ಕದಲ್ಲಿ, ಒಂದು ಹೊಂಗೆ ಮರವಿದೆ. ಅದರ ನೆರಳಿನಲ್ಲಿ ಒಂದೇ ಕಾರು ಹಿಡಿಸುತ್ತದೆ. ಹೋದ ಬೇಸಿಗೆಯಲ್ಲಿ ಅವರು ಅಲ್ಲಿ ಕಾರು ನಿಲ್ಲಿಸಿದಾಗ, "ಇದು ನಮ್ಮ ಮನೆ ಮುಂದಿನ ಜಾಗ" ಎಂದು ನಾನು ಅಂದೆ. "ಮರ ನೆಟ್ಟಿದ್ದು ನಮ್ಮಪ್ಪ" ಎಂದು ಅವರು ಅಂದರು. ಮಾತಿಗೆ ಮಾತು ಬೆಳೆಯಿತು. ಆಮೇಲೆ ಮಾತೇ ನಿಂತಿತು. ಬೆಳಿಗ್ಗೆ ಹಾಲಿನ ಬೂತಿನಲ್ಲಿ ಎದುರಾದರೆ ನಾನು ಆಕಾಶ ನೋಡುತ್ತಿದ್ದೆ, ಅವರು ಚಪ್ಪಲಿ ನೋಡುತ್ತಿದ್ದರು. ಈ ಸಲ ಅವರೆಕಾಯಿ ಬಂದರೂ ಸಾರು ಬರಲಿಲ್ಲ. ನಿಜ ಹೇಳಬೇಕೆಂದರೆ ಮಾತಿಗಿಂತ ಹೆಚ್ಚಾಗಿ ಅದೇ ನೆನಪಾಗುತ್ತಿತ್ತು.

ಭಾನುವಾರ ಬೆಳಿಗ್ಗೆ ಬಕೆಟ್ಟು, ಬಟ್ಟೆ, ಡಬ್ಬಿಗಳೊಂದಿಗೆ ಹೊರಗೆ ಬಂದಾಗ ಹೊಂಗೆ ಮರದ ಕೆಳಗೆ ಕವರು ಹೊದ್ದ ಕಾರು ನಿಂತಿತ್ತು. ಕವರು ತೆಗೆದು ಕೆಲಸ ಶುರು ಮಾಡಿದೆ. ಬಿಳಿ ಬಣ್ಣ ಕಾಣದಷ್ಟು ಕೊಳೆ. ಇಷ್ಟು ದಿನ ಅಲಕ್ಷ್ಯ ಮಾಡಿದ್ದಕ್ಕೆ ನನ್ನನ್ನೇ ಬೈದುಕೊಂಡು, ಎರಡು ಸಲ ಶ್ಯಾಂಪೂ ಹಾಕಿ, ಚಕ್ರದ ಸಂದಿಗಳಿಗೆ ಹಳೆಯ ಟೂತ್‌ಬ್ರಷ್ಷು ಹಾಕಿ ತಿಕ್ಕಿದೆ. ಎದುರು ಬಾಲ್ಕನಿಯಲ್ಲಿ ನಂಜೇಗೌಡರು ಕಾಫಿ ಲೋಟ ಹಿಡಿದು ನಿಂತು ನನ್ನನ್ನೇ ನೋಡುತ್ತಿದ್ದರು. ನೋಡಲಿ, ಕಾರನ್ನು ಹೇಗೆ ಇಟ್ಟುಕೊಳ್ಳಬೇಕು ಎಂದು ಇವರೂ ಕಲಿಯಲಿ ಎಂದುಕೊಂಡು ನಾನು ಕೈಗೆ ಇನ್ನಷ್ಟು ವೇಗ ಕೊಟ್ಟೆ. ಮುಂದಿನ ಗಾಜು ತೊಳೆದಾಗ ಡ್ಯಾಶ್‌ಬೋರ್ಡಿನ ಮೇಲೆ ನಮ್ಮ ಗಣಪತಿಯ ಬದಲು ಆಂಜನೇಯ ನಿಂತಿರುವುದು ಕಾಣಿಸಿತು. ಮನೆಯಲ್ಲಿ ವಿಮಲಾ ಮಾಡುವ ಬದಲಾವಣೆಗಳು ನನಗೆ ಯಾವಾಗಲೂ ತಡವಾಗಿ ತಿಳಿಯುತ್ತವೆ. ಪರದೆ ಬದಲಾದದ್ದು, ಗ್ಯಾಸ್ ಒಲೆ ಬದಲಾದದ್ದು ನನಗೆ ತಿಂಗಳುಗಳ ನಂತರ ಗೊತ್ತಾಗಿತ್ತು. ಹಾಗೆಯೇ ದೇವರನ್ನೂ ಬದಲಾಯಿಸಿರಬಹುದು ಎಂದುಕೊಂಡು ಆಂಜನೇಯನಿಗೆ ಕೈ ಮುಗಿದು ಮುಂದುವರಿದೆ.

ಒರೆಸಿ ಒಣಗಿಸಿ, ಪಾಲಿಷ್ ಮಾಡಿ, ಎಡಗಡೆಗೆಲ್ಲ ಮೇಣ ಹಚ್ಚಿ ಮುಗಿಸುವಷ್ಟರಲ್ಲಿ ಭುಜ ನನ್ನದಲ್ಲ ಅನ್ನಿಸತೊಡಗಿತ್ತು. ಆದರೆ ಫಲ ಕಣ್ಣ ಮುಂದಿತ್ತು. ಎಡಗಡೆಯ ಬಾಗಿಲಿನಲ್ಲಿ ನನ್ನ ಮುಖ ಕಾಣುತ್ತಿತ್ತು. ಬಲಗಡೆಯಲ್ಲಿ ಇನ್ನೂ ಮಂಕು. ಆಗ ತರಕಾರಿ ಚೀಲ ಹಿಡಿದು ವಿಮಲಾ ಗೇಟಿನಿಂದ ಹೊರಬಂದಳು. ಕಾರನ್ನೊಮ್ಮೆ, ನನ್ನನ್ನೊಮ್ಮೆ ನೋಡಿದಳು.

"ರೀ, ಏನ್ ಮಾಡ್ತಾ ಇದೀರಾ?"

"ಕಾಣಿಸ್ತಿಲ್ವಾ? ವ್ಯಾಕ್ಸ್ ಹಚ್ತಾ ಇದೀನಿ."

"ಅದು ಕಾಣಿಸ್ತಿದೆ. ಯಾರ ಕಾರಿಗೆ?"

ನಾನು ಕಾರನ್ನು ನೋಡಿದೆ. ಅದೇ ಬಿಳಿ ಬಣ್ಣ, ಅದೇ ಮಾಡೆಲ್ಲು. ಗೌಡರು ನಮ್ಮ ಕಾರನ್ನು ನೋಡಿ ಮೆಚ್ಚಿಯೇ ತಮ್ಮದನ್ನು ಕೊಂಡದ್ದು, ಎರಡಕ್ಕೂ ಮಾಗಡಿ ರಸ್ತೆಯಲ್ಲಿ ಮಾರುವವನ ಬಳಿ ಒಂದೇ ಬಗೆಯ ಕವರು ತಂದದ್ದು, ಎಲ್ಲವೂ ಒಂದೊಂದಾಗಿ ನೆನಪಿಗೆ ಬಂದವು. ಯಾವ ರಾಜ ಯಾವ ಇಸವಿಯಲ್ಲಿ ಪಟ್ಟಕ್ಕೆ ಬಂದ ಎಂದು ನಿದ್ದೆಯಲ್ಲಿ ಕೇಳಿದರೂ ನಾನು ಹೇಳಬಲ್ಲೆ. ನಮ್ಮ ಕಾರಿನ ನಂಬರು ಮಾತ್ರ ನನಗೆ ಯಾವತ್ತೂ ನೆನಪಿರುವುದಿಲ್ಲ.

"ನಮ್ಮ ಕಾರೆಲ್ಲಿ?" ಎಂದೆ. ದನಿ ತಾನಾಗಿಯೇ ಇಳಿದಿತ್ತು.

"ನಿನ್ನೆ ಕೆಂಗೇರಿಯಿಂದ ಬರೋಷ್ಟೊತ್ತಿಗೆ ಇಲ್ಲಿ ಜಾಗ ಇರ್ಲಿಲ್ಲ, ದೇವಸ್ಥಾನದ ಮೂಲೇಲಿ ನಿಲ್ಲಿಸಿದೀನಿ ಅಂತ ಹೇಳಿದ್ನಲ್ಲ. ಟಿವಿ ನೋಡ್ಕೊಂಡು ಹೂಂ ಅಂದ್ರಿ."

ಬಟ್ಟೆ ಬಿಸಾಕಿ ಒಳಗೆ ಓಡಿಬಿಡೋಣ ಅನ್ನಿಸಿತು. ವಿಮಲಾ ತಡೆದಳು. "ಗೌಡ್ರು ಮೇಲಿಂದ ನೋಡ್ತಿದಾರೆ. ಈಗ ಬಿಟ್ಟು ಓಡಿದ್ರೆ, ಕಾರಿಗೆ ಏನೋ ಮಾಡೋಕೆ ಬಂದಿದ್ರು ಅನ್ಕೋತಾರೆ. ಅರ್ಧ ಹೊಳೆಯೋ ಕಾರಲ್ಲಿ ಅವರು ತಿರುಗೋದು ಹೇಗೆ? ಮುಗಿಸಿ ಬನ್ನಿ." ಇಷ್ಟು ಹೇಳಿ, ನಗು ತಡೆಯಲು ಸೆರಗು ಬಾಯಿಗಿಟ್ಟುಕೊಂಡು ಮಾರ್ಕೆಟ್ಟಿಗೆ ನಡೆದೇ ಹೋದಳು.

ನಾನು ಬಲಗಡೆಗೆ ಬಂದೆ. ನಮ್ಮ ಕಾರು ಎಂದುಕೊಂಡು ಉಜ್ಜುವಾಗ ಇದ್ದ ಶಕ್ತಿ ಈಗ ಎಲ್ಲಿ ಹೋಯಿತೋ ತಿಳಿಯದು. ಆದರೂ ಬಿಡದೆ ಪೂರೈಸಿದೆ. ಮುಗಿಸಿ ಸೊಂಟ ನೆಟ್ಟಗೆ ಮಾಡುವಾಗ ಪಕ್ಕದಲ್ಲಿ ಗೌಡರು ನಿಂತಿದ್ದರು. ಕೈಯಲ್ಲಿ ಎರಡು ಲೋಟ ಕಾಫಿ.

"ತಗೊಳಿ ಮೇಷ್ಟ್ರೇ," ಎಂದರು.

ತೆಗೆದುಕೊಂಡೆ. ಇಬ್ಬರೂ ಕಾರನ್ನೇ ನೋಡುತ್ತಾ ಕುಡಿದೆವು.

"ಹೋದ ಬೇಸಿಗೇಲಿ ನಾನೂ ಒಂದು ಮಾತು ಜಾಸ್ತಿನೇ ಆಡ್ಬುಟ್ಟೆ," ಎಂದರು. "ಹೇಳೋಣ ಹೇಳೋಣ ಅಂತಿದ್ದೆ, ಬಾಯಿ ಬರ್ತಿರ್ಲಿಲ್ಲ. ನೀವು ನೋಡಿದ್ರೆ ಕೈಯಲ್ಲೇ ಹೇಳ್ಬುಟ್ರಿ. ನಿಮ್ಮ ಮನಸು ದೊಡ್ಡದು."

ನಿಜ ಹೇಳಲು ಬಾಯಿ ತೆರೆದೆ. ಗೌಡರ ಕಣ್ಣು ಸ್ವಲ್ಪ ಒದ್ದೆಯಾಗಿದ್ದ ಹಾಗೆ ಕಂಡಿತು. ಬಾಯಿ ಮುಚ್ಚಿದೆ. "ಅಯ್ಯೋ, ಇರ್ಲಿ ಬಿಡಿ ಗೌಡ್ರೇ. ಎದುರು ಬದುರು ಇರೋರು, ಇಷ್ಟೂ ಮಾಡ್ದೇ ಇದ್ರೆ ಹೇಗೆ?" ಎಂದೆ. ಸಂಜೆ ಅವರ ಮನೆಯಿಂದ ಹಿದುಕಿದ ಬೇಳೆ ಸಾರು ಬಂತು. ವಿಮಲಾ ಬಡಿಸುತ್ತಾ, "ದೊಡ್ಡ ಮನಸಿನೋರು ಇನ್ನೊಂದು ಸೌಟು ಹಾಕಿಸ್ಕೊಳಿ" ಎಂದಳು. ಹಾಕಿಸಿಕೊಂಡೆ.

ಮುಂದಿನ ಭಾನುವಾರ ನಮ್ಮ ಕಾರಿನ ಸರದಿ. ಈ ಸಲ ನಂಬರು ಪ್ಲೇಟನ್ನು ವಿಮಲಾಗೆ ಗಟ್ಟಿಯಾಗಿ ಓದಿ ಹೇಳಿ, ಅವಳು ಹೌದು ಎಂದ ಮೇಲೆಯೇ ಕವರು ತೆಗೆದೆ. ಗೌಡರು ಕೆಳಗಿಳಿದು ಬಂದು ಮರದ ಕಟ್ಟೆಯ ಮೇಲೆ ಕೂತು ಮಾತಾಡುತ್ತಿದ್ದರು. ಅಷ್ಟರಲ್ಲಿ ಸ್ಕೂಟರಿನಲ್ಲಿ ಹೋಗುತ್ತಿದ್ದ ಒಬ್ಬರು ನಿಲ್ಲಿಸಿ, ನನ್ನ ಮಡಿಸಿದ ಪ್ಯಾಂಟು, ನೊರೆ ಹತ್ತಿದ ಬನಿಯನ್ನು ನೋಡಿ, "ಅಣ್ಣ, ಬೇರೆಯೋರ ಕಾರೂ ಮಾಡಿಕೊಡ್ತೀರಾ?" ಎಂದು ಕೇಳಿದರು. ನಾನು ಉತ್ತರ ಕೊಡುವ ಮೊದಲೇ ವಿಮಲಾ ಗೇಟಿನ ಹತ್ತಿರದಿಂದ, "ಅವರು ಯಾರ ಕಾರು ಅಂತೆಲ್ಲ ನೋಡಲ್ಲ, ಎದುರಿಗೆ ಸಿಕ್ಕಿದ್ದನ್ನ ತೊಳೀತಾರೆ" ಎಂದುಬಿಟ್ಟಳು. ಹೇಳಿದ ಮೇಲೆ ಕಟ್ಟೆಯ ಮೇಲಿದ್ದ ಗೌಡರನ್ನು ನೋಡಿ ನಾಲಿಗೆ ಕಚ್ಚಿಕೊಂಡಳು.

ಸ್ಕೂಟರಿನವರು ಏನೂ ಅರ್ಥವಾಗದೆ ಹೊರಟುಹೋದರು. ನಾನು ತಲೆ ತಗ್ಗಿಸಿ ಬಂಪರು ಉಜ್ಜುತ್ತಿದ್ದೆ. ಗೌಡರು ನಿಧಾನವಾಗಿ ನಗಲು ಶುರು ಮಾಡಿದರು.

"ಗೊತ್ತು ಬಿಡಿ ಅಮ್ಮಾ. ಅವತ್ತಿನ ಹಿಂದಿನ ದಿನ ನೀವು ದೇವಸ್ಥಾನದ ಹತ್ರ ಕಾರು ನಿಲ್ಸಿದ್ದನ್ನ ನಾನೇ ನೋಡಿದ್ದೆ. ಮೇಷ್ಟ್ರು ನಮ್ಮ ಕಾರಿನ ಕವರು ಎಳ್ದಾಗ್ಲೇ ಗೊತ್ತಾಯ್ತು."

"ಮತ್ತೆ ಹೇಳ್ಬಾರ್ದಿತ್ತಾ ಗೌಡ್ರೇ?" ಎಂದೆ.

"ಮಾತು ಶುರು ಮಾಡೋಕೆ ನನಗೂ ಒಂದು ನೆಪ ಬೇಕಿತ್ತು. ಅದೂ ಅಲ್ದೆ, ಹೇಳಿದ್ರೆ ನಿಲ್ಲಿಸ್ಬುಡ್ತಿದ್ರಿ," ಎಂದರು ಗೌಡರು. "ಇನ್ನೂ ಒಂದು ಸೈಡು ಬಾಕಿ ಇತ್ತಲ್ಲ ಮೇಷ್ಟ್ರೇ."

ಇಷ್ಟು ವರ್ಷ ಪಾಠ ಹೇಳಿದವನಿಗೆ ಅದಕ್ಕೊಂದು ಉತ್ತರ ಹೊಳೆಯಬೇಕಿತ್ತು. ಹೊಳೆದದ್ದು ಕಾರು ಮಾತ್ರ.